ಗೆಳತಿ ಒತ್ತಿದ ಲೈಕ್

ನಾನು ಆಪ್ತ ಸಲಹೆಗಾರ್ತಿ. ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಕೆಲಸ, ಮನೆಯವರ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದ ಮೇಲೆ ಅವರಿಗೇ ಓದಲು ಕೊಟ್ಟು, ಬೇಡ ಅಂದ ಕಡೆ ತೆಗೆದಿದ್ದೇನೆ. ಜಾತಿ ಹಿಡಿದು ಬೈದ ಮಾತುಗಳನ್ನು ಇಲ್ಲಿ ಮತ್ತೆ ಬರೆದಿಲ್ಲ. ಅವಕ್ಕೆ ಸಿಕ್ಕಿರುವ ಜಾಗವೇ ಜಾಸ್ತಿಯಾಯಿತು.

ಅವರನ್ನು ಭಾಗ್ಯ ಅನ್ನೋಣ. ವಯಸ್ಸು 26. ಹಳೇ ಮೈಸೂರು ಕಡೆಯ ಹಳ್ಳಿಯವರು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಪಿಜಿಯಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ರೂಮು.

ಮೊದಲ ದಿನ ಹೇಳಿದ್ದು ನಿದ್ದೆಯ ತೊಂದರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ಬೆಳಗಿನವರೆಗೂ ಕಣ್ಣು ಹತ್ತೋದಿಲ್ಲ. ಹೊಟ್ಟೆಯಲ್ಲಿ ಉರಿ. ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರು, ಗುಣ ಕಂಡಿರಲಿಲ್ಲ. ಮಧ್ಯಾಹ್ನದ ಊಟ ಎಲ್ಲಿ ಮಾಡ್ತೀರಿ ಅಂತ ಕೇಳಿದೆ. ಹೊಟ್ಟೆಯ ವಿಷಯ ಬಂದಾಗ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಭಾಗ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡಬ್ಬಿ ತಗೊಂಡು ಹೋಗೋದು ಬಿಟ್ಟಿದೀನಿ ಮೇಡಂ. ಬಸ್ ಸ್ಟಾಪ್ ಹತ್ರ ನಿಂತ್ಕೊಂಡು ಏನಾದ್ರೂ ತಿಂತೀನಿ" ಅಂದರು. ಆಸ್ಪತ್ರೆಯಲ್ಲಿ ಊಟದ ಕೋಣೆ ಇದೆ. ಎರಡು ವರ್ಷ ಅಲ್ಲೇ ಎಲ್ಲರ ಜೊತೆ ಕೂತು ಉಂಡಿದ್ದಾರೆ. ಯಾಕೆ ಬಿಟ್ಟಿರಿ ಅಂದಿದ್ದಕ್ಕೆ, ಎದ್ದು ಹೋಗುವ ಹೊತ್ತಿನಲ್ಲಿ, "ಒಂದು ವಿಡಿಯೋ ಹಾಕಿದ್ದೆ" ಅಂದರು.

ಭಾಗ್ಯ ಇನ್‌ಸ್ಟಾಗ್ರಾಂನಲ್ಲಿ ತಮ್ಮ ಅಜ್ಜಿ ಅಡುಗೆ ಮಾಡುವುದನ್ನು ರೀಲ್ಸ್ ಮಾಡಿ ಹಾಕುತ್ತಿದ್ದರು. ಊರಿಗೆ ಹೋದಾಗ ಒಂದೋ ಎರಡೋ. ಬಸ್ಸಾರು, ಉಪ್ಸಾರು, ಹುರುಳಿಕಾಳಿನ ಸಾರು, ಬೋಟಿ ಗೊಜ್ಜು. ಅಜ್ಜಿ ಒರಳುಕಲ್ಲಿನ ಮುಂದೆ ಕೂತು ಖಾರ ರುಬ್ಬುವ ವಿಡಿಯೋ ಚೆನ್ನಾಗಿ ಓಡಿತ್ತು. ನಮ್ಮಜ್ಜಿ ನೆನಪಾದ್ರು ಅಂತ ಎಷ್ಟೋ ಜನ ಬರೆದಿದ್ದರು. ಬಸ್ಸಾರು ನೋಡಿ ಜಾತಿ ಹೇಳಲು ಬರೋದಿಲ್ಲವಲ್ಲ. ಅಲ್ಲಿಯವರೆಗೆ ಆಕೆ ಎಲ್ಲರ ಅಜ್ಜಿ.

ಆಮೇಲೆ ಬಂದದ್ದು ಕೊರಬಾಡಿನ, ಅಂದರೆ ಒಣಗಿಸಿದ ಮಾಂಸದ ವಿಡಿಯೋ. ಉಪ್ಪು, ಅರಿಶಿನ ಹಚ್ಚಿದ ಮಾಂಸದ ಉದ್ದುದ್ದ ಚೂರುಗಳನ್ನು ಅಜ್ಜಿ ಹಗ್ಗದ ಮೇಲೆ ಒಂದೊಂದಾಗಿ ಇಳಿಬಿಡುತ್ತಾರೆ. ಅಂಗಡಿಯಿಂದ ತಂದ ಕುರಿ ಮಾಂಸ. ಕೈ ಕೆಲಸ ಮಾಡುತ್ತಿದ್ದ ಹಾಗೆ ಬಾಯಿ ಹಳೆಯದನ್ನು ಹೇಳುತ್ತದೆ: "ಮೇಲ್ಗೇರೀಲಿ ದನ ಸತ್ರೆ ನಮ್ಮನ್ನೇ ಕೂಗೋರು. ಹೊತ್ಕೊಂಡ್ ಬರ್ಬೇಕು. ಅವತ್ತು ನಮ್ಗೆ ಹಬ್ಬ. ಹೊಟ್ಟೆಗೆ ಇನ್ನೇನಿತ್ತು? ಮಿಕ್ಕಿದ್ನ ಹಿಂಗೇ ಒಣಗ್ಸಿ ಮಳೆಗಾಲಕ್ಕೆ ಮಡಗ್ತಿದ್ವಿ." ಅಷ್ಟೇ. ಅಜ್ಜಿ ಯಾರನ್ನೂ ಬೈದಿಲ್ಲ. ಅತ್ತೂ ಇಲ್ಲ.

ಒಂದು ಟ್ರೋಲ್ ಪೇಜಿನವರು ಅದನ್ನು ಎತ್ತಿಕೊಂಡು ಮೇಲೆ ತಮ್ಮದೊಂದು ಸಾಲು ಸೇರಿಸಿ ಹಾಕಿದರು. ರಾತ್ರೋರಾತ್ರಿ ಕಾಮೆಂಟುಗಳು ಬಂದು ಬಿದ್ದವು. ವಾಂತಿ ಮಾಡುವ ಎಮೋಜಿಗಳು. ಜಾತಿ ಹೆಸರು ಹಿಡಿದು ಬೈಗುಳ. ಮೀಸಲಾತಿ ಮೇಲಿನ ಹಳೇ ಹಾಡು. ಯಾರೋ ಭಾಗ್ಯ ಅವರ ಹಳೇ ಫೋಟೋ ಒಂದರಲ್ಲಿ ಕೊರಳಿಗಿದ್ದ ಐಡಿ ಕಾರ್ಡ್ ದೊಡ್ಡದು ಮಾಡಿ ನೋಡಿ ಆಸ್ಪತ್ರೆಯ ಹೆಸರು ಪತ್ತೆ ಮಾಡಿದರು. ಇಂಥವರ ಕೈಲಿ ನಮ್ಮ ಮಕ್ಕಳ ರಕ್ತ ತೆಗೆಸಬೇಕಾ ಅಂತ ಬರೆದರು. ಅದರ ಸ್ಕ್ರೀನ್‌ಶಾಟ್ ಆಸ್ಪತ್ರೆ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೂ ಬಂತು. ಮಾರನೇ ದಿನ ಊಟದ ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ದಿನಾ ಇವರ ಡಬ್ಬಿಯಿಂದ ಪಲ್ಯ ತೆಗೆದುಕೊಳ್ಳುತ್ತಿದ್ದ ಒಬ್ಬರು ಅವತ್ತು ಉಪವಾಸ ಅಂದರು. ಅದರ ಮಾರನೇ ದಿನವೂ ಉಪವಾಸ.

ಬೆಂಗಳೂರಿನಲ್ಲಿ ಭಾಗ್ಯ ತಮ್ಮ ಜಾತಿಯನ್ನು ಮುಚ್ಚಿಟ್ಟವರಲ್ಲ, ಹೇಳಿಕೊಂಡವರೂ ಅಲ್ಲ. ಪಿಜಿ ಸೇರುವಾಗ ಮಾಲೀಕರ ಹೆಂಡತಿ ಮನೆದೇವ್ರು ಯಾವುದಮ್ಮ ಅಂತ ಕೇಳಿದ್ದರು. ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಮಲೆ ಮಾದಪ್ಪ ಅಂದಿದ್ದರು. ಅದು ಸುಳ್ಳೂ ಅಲ್ಲ, ಅದರಿಂದ ಅವರಿಗೆ ಬೇಕಾದ್ದು ಗೊತ್ತೂ ಆಗಲಿಲ್ಲ. ಸಿಟಿಯಲ್ಲಿ ಜಾತಿ ಎಲ್ಲಿದೆ ಅನ್ನುವವರು ಒಂದು ಸಲ ಬಾಡಿಗೆ ಮನೆ ಹುಡುಕಿಕೊಂಡು ಹೊರಡಬೇಕು. ಈಗ ಒಂದೇ ವಿಡಿಯೋಗೆ ಎಲ್ಲರಿಗೂ ಎಲ್ಲವೂ ತಿಳಿದು ಹೋಗಿತ್ತು.

ಎರಡನೇ ಸಲ ಬಂದಾಗ ಭಾಗ್ಯ ಕೂತ ಕೂಡಲೇ ಕೇಳಿದರು: "ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಯಾವ ಜನ?" ಸಲಹೆಗಾರರು ತಮ್ಮ ವಿಷಯ ಹೇಳಿಕೊಳ್ಳಬಾರದು, ಇದು ನಿಮಗೆ ಯಾಕೆ ಮುಖ್ಯ ಅಂತ ಪ್ರಶ್ನೆಯನ್ನು ತಿರುಗಿಸಬೇಕು ಅಂತ ನಮಗೆ ಕಲಿಸಿರುತ್ತಾರೆ. ಬೇರೆ ವಿಷಯಕ್ಕೆ ಅದು ಸರಿ, ಜಾತಿಯ ವಿಷಯಕ್ಕೆ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡೇ ಬಂದವರು ಒಂದು ಸಲ ತಿರುಗಿ ಕೇಳಿದರೆ ನಾನು ನುಣುಚಿಕೊಳ್ಳೋದು ಹೇಗೆ? ಇದ್ದದ್ದು ಹೇಳಿದೆ. ಮೇಲ್ಜಾತಿ ಅನ್ನಿಸಿಕೊಂಡ ಮನೆಯವಳು ನಾನು.

"ಹಂಗಾದ್ರೆ ನಿಮ್ಗೆ ಇದು ಅರ್ಥ ಆಗುತ್ತಾ?"

"ಎಲ್ಲಾ ಆಗಲ್ಲ. ಆಗದೇ ಇದ್ದಾಗ ಮಾತು ನಿಲ್ಲಿಸಿ ಹೇಳಿ. ದಲಿತ ಸಲಹೆಗಾರರ ಹತ್ತಿರವೇ ಹೋಗಬೇಕು ಅನ್ನಿಸಿದರೆ ಹುಡುಕಿಕೊಡ್ತೀನಿ."

ನೋಡೋಣ ಅಂದರು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ನನ್ನ ಕಡೆ ತಳ್ಳಿದರು. "ನೀವೇ ಓದಿ. ನಂಗೆ ಓದಕ್ಕೂ ಆಗಲ್ಲ, ಓದ್ದೇ ಇರಕ್ಕೂ ಆಗಲ್ಲ."

ಯಾವಾಗ ಓದ್ತೀರಿ ಅಂತ ಕೇಳಿದೆ. ರಾತ್ರಿ ಎರಡಕ್ಕೆ. ಹೊದಿಕೆ ಒಳಗೆ ಫೋನ್ ಇಟ್ಟುಕೊಂಡು, ಬೆಳಕು ತೀರಾ ಕಡಿಮೆ ಮಾಡಿ. ಪಕ್ಕದ ಮಂಚದಲ್ಲಿ ಗೀತಾ ಮಲಗಿರುತ್ತಾಳೆ, ಅವಳಿಗೆ ಎಚ್ಚರ ಆಗಬಾರದು ಅಂತ. ಗೀತಾ, ಅಂದರೆ ನಾನು ಹಾಗೆ ಕರೆಯುತ್ತಿರುವ ಹುಡುಗಿ, ಎರಡು ವರ್ಷದ ರೂಂಮೇಟ್. ಒಬ್ಬರ ಉಪ್ಪಿನಕಾಯಿ ಇನ್ನೊಬ್ಬರು ತಿಂದವರು. ಟ್ರೋಲ್ ಪೇಜಿನ ಕೆಳಗೆ ಒಬ್ಬ ಬರೆದಿದ್ದ: "ಅದಕ್ಕೇ ಇವರನ್ನ ಊರ ಹೊರಗೆ ಇಟ್ಟಿದ್ದು." ಅದಕ್ಕೆ ಲೈಕ್ ಒತ್ತಿದವರ ಪಟ್ಟಿಯಲ್ಲಿ ಗೀತಾ ಹೆಸರಿತ್ತು.

ಭಾಗ್ಯ ಅವರ ನಿದ್ದೆ ಹೋಗಿದ್ದು ನೂರಾರು ಬೈಗುಳಗಳಿಂದಲ್ಲ. ಅದೊಂದು ಹೆಸರಿನಿಂದ. "ಅವರೆಲ್ಲ ಯಾರೋ ಏನೋ ಮೇಡಂ. ಇವ್ಳು ನನ್ ಬಟ್ಟೆ ಹಾಕ್ಕೊಂಡು ಹಬ್ಬಕ್ಕೆ ಊರಿಗೆ ಹೋಗಿದ್ಳು."

ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ಹಾಕಿದ ಹಾಗೆ ಆಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗೋದಿಲ್ಲ. ಕೇಳದೇ ಬಿಡೋದೇ ಅಪಾಯ. ಭಾಗ್ಯ ಹೇಳಿದರು, "ಸಾಯೋದಲ್ಲ. ಯಾರ ಕಣ್ಣಿಗೂ ಕಾಣದ ಹಾಗೆ ಆಗ್ಬಿಡ್ಬೇಕು ಅನ್ಸುತ್ತೆ." ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿಗೆ ಹಾಕಿಸಿದೆ. ರಾತ್ರಿ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ಅದರ ಜೊತೆಗೆ, ಎರಡು ಗಂಟೆಗೆ ಎಚ್ಚರವಾದರೆ ಯಾರಿಗೆ ಫೋನ್ ಮಾಡಬಹುದು ಅಂತ ಒಂದು ಹೆಸರು ಕೇಳಿದೆ. ಚಿಕ್ಕಪ್ಪನ ಮಗಳ ಹೆಸರು ಹೇಳಿದರು.

ಇಂಥ ಕಡೆ ಎಲ್ಲರೂ ಕೊಡುವ ಸಲಹೆ ಒಂದೇ: ಕಾಮೆಂಟ್ ಓದಬೇಡ, ಆ್ಯಪ್ ತೆಗೆದುಹಾಕು, ಸುಮ್ನೆ ಇದ್ದುಬಿಡು. ಭಾಗ್ಯ ಅವರ ಅಪ್ಪನೂ ಅದನ್ನೇ ಹೇಳಿದ್ದರು. ನಾನು ಅದನ್ನು ಹೇಳಲಿಲ್ಲ. ಬೈದವರಿಗೆ ಬೇಕಾಗಿರೋದೂ ಅದೇ ಅಲ್ವಾ? ಅಲ್ಲದೆ ಓದದಿದ್ದರೆ ಮುಗಿಯೋದೂ ಇಲ್ಲ. ಊಟದ ಕೋಣೆಯಲ್ಲಿ ಕೂತವರು ಓದಿರುತ್ತಾರೆ. ಬೆದರಿಕೆ ಏನಾದರೂ ಇದ್ದರೆ ಅದು ತಿಳಿಯಲೇಬೇಕು. ಆದ್ದರಿಂದ ನಾನು ಹೇಳಿದ್ದು ಇಷ್ಟೇ: ಒಬ್ಬರೇ ಓದಬೇಡಿ. ಇನ್ನು ಮೇಲೆ ಒಂದು ಕಾಮೆಂಟನ್ನೂ ಒಬ್ಬರೇ ಓದಬೇಡಿ.

ಅವತ್ತು ಅಲ್ಲೇ ಶುರು ಮಾಡಿದೆವು. ನಾನು ಓದುತ್ತಾ ಹೋದೆ. ಅವರು ನೋಡಬೇಕಾಗಿರಲಿಲ್ಲ, ಕೇಳಿದ್ದಕ್ಕೆ ಹೂಂ ಅಥವಾ ಊಹೂಂ ಅಂದರೆ ಸಾಕಿತ್ತು. ಕಾಗದದ ಮೇಲೆ ಮೂರು ಭಾಗ ಮಾಡಿದೆ. ಬೆದರಿಕೆ ಮತ್ತು ಜಾತಿ ಹೆಸರು ಹಿಡಿದ ಬೈಗುಳ ಒಂದು ಕಡೆ. ಬರೀ ತಲೆಹರಟೆ ಒಂದು ಕಡೆ. ಪರಿಚಯದವರದ್ದು ಒಂದು ಕಡೆ. ಓದಿ ಮುಗಿದಾಗ ಕಂಡ ಸಂಗತಿ ಏನೆಂದರೆ, ಅದೇ ಕೆಲವು ಖಾತೆಗಳು ಮತ್ತೆ ಮತ್ತೆ ಬಂದಿದ್ದವು. ಊರಿಗೆ ಊರೇ ಬೈದ ಹಾಗೆ ಅನ್ನಿಸಿದ್ದು ಒಂದು ಸಣ್ಣ ಗುಂಪಿನ ಕೆಲಸ. ನಮ್ಮನೇಲೂ ಹಿಂಗೇ ಒಣಗಿಸ್ತಿದ್ರು, ಅಜ್ಜಿಗೆ ಶರಣು ಅಂತ ಬರೆದವರೂ ಇದ್ದರು. ಅವು ಭಾಗ್ಯ ಅವರ ಕಣ್ಣಿಗೆ ಬಿದ್ದಿದ್ದವು, ತಲೆಗೆ ಹೋಗಿರಲಿಲ್ಲ. ಪೆಟ್ಟು ತಿಂದ ಮನಸ್ಸು ಹಾಗೇ ಓದುತ್ತದೆ. ಇಷ್ಟು ಒಳ್ಳೇ ಜನ ಇದ್ದಾರಲ್ಲ, ಬಿಡಿ ಅಂತ ನಾನೇನೂ ಸಮಾಧಾನ ಹೇಳಲಿಲ್ಲ. ಎಣಿಕೆ ಸರಿ ಇರಲಿ ಅಂತಷ್ಟೇ ತೋರಿಸಿದೆ.

ಮನೆಗೆ ಯಾಕೆ ತಕ್ಷಣ ಹೇಳಲಿಲ್ಲ ಅಂತ ಕೇಳಿದಾಗ ಒಂದು ಹಳೆಯ ಮಾತು ಹೊರಗೆ ಬಂತು. ನಾಲ್ಕನೇ ಕ್ಲಾಸಲ್ಲಿದ್ದಾಗ ಮೇಲ್ಗೇರಿಯ ಗೆಳತಿಯ ಮನೆ ಹತ್ತಿರ ಆಡಲು ಹೋಗಿ ಬಾಯಾರಿ ನೀರು ಕೇಳಿದ್ದರು. ಗೆಳತಿಯ ಅಜ್ಜಿ ಜಗಲಿ ಮೇಲೆ ನಿಂತು ಚೊಂಬಿನಿಂದ ಬೊಗಸೆಗೆ ಎತ್ತರದಿಂದ ಹುಯ್ದರು. ಅರ್ಧ ನೀರು ಲಂಗದ ಮೇಲೆ. ಅದನ್ನೂ ಅವ್ವನಿಗೆ ಹೇಳಿರಲಿಲ್ಲ. ಅಲ್ಲಿಗೆ ಹೋಗಿದ್ದೇ ನನ್ನ ತಪ್ಪು ಅಂದುಕೊಂಡಿದ್ದರು. ಈಗಲೂ ಅದೇ ಲೆಕ್ಕ: "ವಿಡಿಯೋ ಹಾಕಿದ್ದು ನಾನೇ ಅಲ್ವಾ ಮೇಡಂ." ಈ ಲೆಕ್ಕ ಮುರಿಯದೆ ನಿದ್ದೆ ಬರೋದಿಲ್ಲ. ಯಾರು ಏನು ಮಾಡಿದರು ಅಂತ ಬರೆಯಲು ಹೇಳಿದೆ. ವಿಡಿಯೋ ಮಾಡಿದ್ದು ನಾನು. ಎತ್ತಿ ಹಾಕಿದ್ದು ಆ ಪೇಜು. ಐಡಿ ಕಾರ್ಡ್ ಹುಡುಕಿದ್ದು ಇಂಥ ಖಾತೆ. ಗುಂಪಿಗೆ ಕಳಿಸಿದ್ದು ಇಂಥ ಸಹೋದ್ಯೋಗಿ. ಉಪವಾಸ ಅಂದಿದ್ದು ಇಂಥವರು. ಬರೆದಾದ ಮೇಲೆ ಭಾಗ್ಯ ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದ್ರಲ್ಲಿ ತಪ್ಪೇನಿದೆ?" ಅಂತ ತಮ್ಮನ್ನೇ ಕೇಳಿಕೊಂಡರು. ಅಲ್ಲಿಂದ ಸಿಟ್ಟು ಬರಲು ಶುರುವಾಯಿತು. ನಾಚಿಕೆಗಿಂತ ಸಿಟ್ಟು ಒಳ್ಳೆಯದು, ಅದು ಕೆಲಸ ಮಾಡಿಸುತ್ತದೆ.

ಮುಂದಿನ ಸಲ ದೊಡ್ಡಪ್ಪನ ಜೊತೆ ಬಂದರು. ರಿಟೈರ್ ಆದ ಮೇಷ್ಟ್ರು. ಹುಡುಗನಾಗಿದ್ದಾಗ ಮೈಸೂರಲ್ಲಿ ಓದುತ್ತಿದ್ದರಂತೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಿದ್ದಕ್ಕೆ ಎದ್ದ ಗಲಾಟೆಯನ್ನು ಕಣ್ಣಾರೆ ಕಂಡವರು. ದಲಿತ ಹುಡುಗರ ಮೇಲೆ ಕೈ ಮಾಡಿದ್ದರು, ಬಸವಲಿಂಗಪ್ಪ ಕೊನೆಗೆ ರಾಜೀನಾಮೆ ಕೊಡಬೇಕಾಯಿತು. ಆ ಬಿಸಿಯಲ್ಲೇ ಮುಂದೆ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ದೊಡ್ಡಪ್ಪ ಅದರಲ್ಲಿ ಓಡಾಡಿದವರು. ಮಗಳಿಗೆ ಧೈರ್ಯದ ಭಾಷಣ ಮಾಡುತ್ತಾರೇನೋ ಅಂತ ನಾನು ಕಾಯುತ್ತಿದ್ದೆ. ಮಾಡಲಿಲ್ಲ.

"ನಮ್ಗೂ ಬೈತಿದ್ರು ಮೇಡಂ, ಹೊಡೆದದ್ದೂ ಉಂಟು. ಆದ್ರೆ ರಾತ್ರಿ ಹಾಸ್ಟೆಲ್‌ಗೆ ಬಂದ್ರೆ ರೂಮು ತುಂಬ ಹುಡುಗ್ರು. ಒಬ್ಬ ಅಳೋನು, ಒಬ್ಬ ನಗ್ಸೋನು, ಒಬ್ಬ ಕರಪತ್ರ ಬರೆಯೋನು. ಇವ್ಳು ನೋಡಿ, ಇಷ್ಟು ಜನ ಬೈದಿದ್ದನ್ನ ದುಪ್ಪಟಿ ಒಳಗೆ ಒಬ್ಳೇ ಓದ್ತಾ ಕೂತವ್ಳೆ." ಆಮೇಲೆ ಭಾಗ್ಯ ಕಡೆ ತಿರುಗಿ, "ಬಾಬಾಸಾಹೇಬರು 1920ರಲ್ಲಿ ಮೂಕನಾಯಕ ಪತ್ರಿಕೆ ತಂದಾಗ ಕಾಸು ಕೊಡ್ತೀವಿ ಅಂದ್ರೂ ಕೇಸರಿ ಪತ್ರಿಕೆಯೋರು ಅದ್ರ ಜಾಹೀರಾತು ಹಾಕ್ಲಿಲ್ಲ ಕಣವ್ವ. ನಿಂಗೆ ಯಾರ ಅಪ್ಪಣೇನೂ ಬೇಕಾಗಿಲ್ಲ, ಒತ್ತುದ್ರೆ ಹೋಯ್ತದೆ. ಅದ್ಕೇ ಅವ್ರಿಗೆ ಉರಿ" ಅಂದರು.

ಅವರ ಮೊದಲ ಮಾತೇ ನನಗೆ ಮುಖ್ಯವಾಗಿ ಕಂಡಿತು. ಬೈಗುಳ ಎಲ್ಲರ ಎದುರಿಗೆ ಬರುತ್ತದೆ, ತಗಲೋದು ಮಾತ್ರ ಒಂಟಿಯಾಗಿದ್ದಾಗ. ಹಾಗಾಗಿ ಭಾಗ್ಯ ಅವರಿಗೆ ಕೊಟ್ಟ ಸಲಹೆಯೆಲ್ಲ, ಯಾವ ಕೆಲಸವನ್ನು ಯಾರ ಜೊತೆ ಮಾಡಬೇಕು ಅನ್ನುವುದರ ಸುತ್ತಲೇ ಇತ್ತು.

ಖಾತೆಯ ಪಾಸ್‌ವರ್ಡ್ ಚಿಕ್ಕಪ್ಪನ ಮಗಳ ಕೈಗೆ ಹೋಯಿತು. ರಾತ್ರಿ ಹತ್ತಾದ ಮೇಲೆ ಫೋನ್ ಬೀರುವಿನಲ್ಲಿ, ಬೆಳಗ್ಗೆ ಏಳಲು ಒಂದು ಅಲಾರಂ ಗಡಿಯಾರ. ಏನನ್ನೂ ಅಳಿಸುವ ಮೊದಲು ಸಾಕ್ಷಿ ತೆಗೆದಿಡಬೇಕು. ಕಾಮೆಂಟ್, ಖಾತೆಯ ಹೆಸರು, ತಾರೀಖು, ಸಮಯ, ಆ ಪೋಸ್ಟಿನ ಲಿಂಕ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್. ಜೊತೆಗೆ ಪೇಜನ್ನು ತೆರೆದು ಕೆಳಗಿನವರೆಗೆ ಸ್ಕ್ರೀನ್ ರೆಕಾರ್ಡಿಂಗ್. ಅದನ್ನು ತೆಗೆದ ಫೋನನ್ನು ಮಾರಬಾರದು, ರೀಸೆಟ್ ಮಾಡಬಾರದು. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಇದನ್ನೆಲ್ಲ ನೊಂದವರೇ ಕೂತು ಮಾಡಬಾರದು ಅನ್ನೋದು ನನ್ನ ಹಠ. ಒಂದೊಂದನ್ನೂ ಮತ್ತೆ ಓದಬೇಕಾಗುತ್ತದೆ. ತಂಗಿ ಮಾಡಿದಳು.

ಆ್ಯಪ್ ಕಂಪನಿಗೆ ರಿಪೋರ್ಟ್ ಮಾಡಿದರು. ಮೆಟಾ ಕಂಪನಿಯ ನಿಯಮದಲ್ಲಿ ಜಾತಿ ಆಧಾರದ ದ್ವೇಷಕ್ಕೆ ಜಾಗ ಇಲ್ಲ ಅಂತ ಇದೆ, ಯೂಟ್ಯೂಬ್ ನಿಯಮದಲ್ಲೂ ಇದೆ. ನಮ್ಮ ಹಳ್ಳಿಯ ಬೈಗುಳ ಯಂತ್ರಕ್ಕೆ ಗೊತ್ತಾಗೋದಿಲ್ಲ, ಅದು ಬೇರೆ ಮಾತು. ಬಹಳಷ್ಟಕ್ಕೆ ನಿಯಮ ಮುರಿದಿಲ್ಲ ಅನ್ನುವ ಉತ್ತರವೇ ಬಂತು. ಆಗ ಆ ಮಾತಿನ ಅರ್ಥ ಏನು, ಯಾವ ಜಾತಿಗೆ ಅದನ್ನು ಬೈಗುಳವಾಗಿ ಬಳಸುತ್ತಾರೆ ಅಂತ ವಿವರಿಸಿ ದೂರು ಅಧಿಕಾರಿಗೆ ಬರೆಯಿರಿ ಅಂದೆ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು, ದೂರು ಮುಟ್ಟಿತು ಅಂತ 24 ಗಂಟೆಯೊಳಗೆ ತಿಳಿಸಬೇಕು. ಅವರ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಬೈಗುಳ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಫಿಲ್ಟರ್‌ಗೆ ಹಾಕಿದ್ದರಿಂದ ಅಂಥ ಹೊಸ ಕಾಮೆಂಟ್‌ಗಳು ಕಣ್ಣಿಗೆ ಬೀಳೋದು ಕಡಿಮೆಯಾಯಿತು.

ಪೊಲೀಸ್ ದೂರಿನ ಬಗ್ಗೆ ಭಾಗ್ಯ ತುಂಬಾ ಹಿಂದೆ ಮುಂದೆ ನೋಡಿದರು. ಅಟ್ರಾಸಿಟಿ ಕೇಸ್ ಹಾಕಿದವಳು ಅಂತ ಹೆಸರಾಗುತ್ತದೆ, ಮದುವೆಗೆ ತೊಂದರೆ, ಕೆಲಸಕ್ಕೆ ತೊಂದರೆ. ಅವೆಲ್ಲ ಸುಳ್ಳು ಭಯಗಳಲ್ಲ. ದೂರು ಕೊಡಿ ಅಂತಲೂ ಬೇಡ ಅಂತಲೂ ನಾನು ಹೇಳಲಿಲ್ಲ. ಕಾನೂನಿನಲ್ಲಿ ಏನಿದೆ ಅಂತ ತಿಳಿದು ತೀರ್ಮಾನ ಮಾಡಿ ಅಂದೆ. ಪರಿಶಿಷ್ಟರು ಮತ್ತು ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಅಲ್ಲಿ ಸಿಕ್ಕ ವಕೀಲೆ ಬಿಡಿಸಿ ಹೇಳಿದ್ದರ ಸಾರ ಇದು.

ಜನ ಅಟ್ರಾಸಿಟಿ ಕಾಯ್ದೆ ಅನ್ನುವ, 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕಂತಲೇ ಅವಮಾನ ಮಾಡೋದು 3(1)(ಆರ್) ಕಲಮಿಗೆ, ಜಾತಿ ಹೆಸರು ಹಿಡಿದು ಬೈಯೋದು 3(1)(ಎಸ್) ಕಲಮಿಗೆ ಬರುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ. ಬೈದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಈ ಕಾಯ್ದೆ ಹತ್ತೋದಿಲ್ಲ. ಆನ್‌ಲೈನ್ ಅನ್ನೋದು ಸಾರ್ವಜನಿಕ ಜಾಗವಾ? ಕೇರಳ ಹೈಕೋರ್ಟ್ 2022ರಲ್ಲಿ ಹೌದು ಅಂದಿದೆ. ಇಂಟರ್‌ನೆಟ್‌ಗೆ ಹಾಕಿದ ಅವಮಾನವನ್ನು ನೊಂದವರು ನೋಡಿದ ಪ್ರತಿ ಸಲವೂ ಅವರ ಎದುರಿಗೇ ಬೈದ ಹಾಗೆ. ಇನ್ನೊಂದು ಕಡೆ, 2024ರಲ್ಲಿ ಸುಪ್ರೀಂ ಕೋರ್ಟ್, ಬೈಸಿಕೊಂಡವರು ಪರಿಶಿಷ್ಟರು ಅನ್ನುವುದಷ್ಟೇ ಸಾಲದು, ಆ ಜಾತಿಯವರು ಅನ್ನುವ ಕಾರಣಕ್ಕೇ ಅವಮಾನ ಮಾಡುವ ಉದ್ದೇಶ ಕಾಣಬೇಕು ಅಂದಿದೆ. ಭಾಗ್ಯ ಅವರ ಪಟ್ಟಿಯ ಮೊದಲ ಭಾಗಕ್ಕೆ ಇದರಿಂದ ಅಡ್ಡಿ ಇರಲಿಲ್ಲ, ಜಾತಿ ಹೆಸರೇ ಇತ್ತು. ಎರಡನೇ ಭಾಗದ ಹೆಚ್ಚಿನವು ನಿಲ್ಲೋದಿಲ್ಲ ಅಂತ ವಕೀಲೆ ಮುಲಾಜಿಲ್ಲದೆ ಹೇಳಿದರು. ವಾಟ್ಸಾಪ್ ಗುಂಪಿನದ್ದು ತಕರಾರಿನ ವಿಷಯ. ಲೈಕ್‌ಗೆ ಯಾವ ಕಲಮೂ ಇಲ್ಲ.

ಎಫ್‌ಐಆರ್ ಹಾಕಲು ಮೊದಲು ವಿಚಾರಣೆ ಆಗಬೇಕು ಅಂತ ಠಾಣೆಯಲ್ಲಿ ಹೇಳಿದರೆ ಒಪ್ಪಬೇಕಿಲ್ಲ. ಅದೇ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಂ ಅದನ್ನು ಬೇಡ ಅನ್ನುತ್ತದೆ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, 60 ದಿನದೊಳಗೆ ಮುಗಿಸಿ ಚಾರ್ಜ್‌ಶೀಟ್ ಹಾಕಬೇಕು ಅನ್ನೋದು ನಿಯಮ. ದೂರು ತೆಗೆದುಕೊಳ್ಳದಿದ್ದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, 14566 ಸಹಾಯವಾಣಿ ಇದೆ. ಭಾಗ್ಯ, ದೊಡ್ಡಪ್ಪ, ವಕೀಲೆ ಮೂವರೂ ಹೋಗಿ ಕೆಲವು ಖಾತೆಗಳ ಮೇಲೆ ದೂರು ಕೊಟ್ಟು ಬಂದರು. ದಾಖಲಾಯಿತು.

ಆಸ್ಪತ್ರೆಯದ್ದು ಇಷ್ಟು ನೇರವಾಗಿರಲಿಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯ ಪ್ರಕಾರ ಹತ್ತು ಜನ ಕೆಲಸ ಮಾಡುವ ಕಡೆಯಲ್ಲೆಲ್ಲ ಸಮಿತಿ ಬೇಕು. ಜಾತಿ ಕಿರುಕುಳಕ್ಕೆ ಖಾಸಗಿ ಕೆಲಸದ ಜಾಗದಲ್ಲಿ ಅಂಥ ಕಡ್ಡಾಯ ಸಮಿತಿ ಇಲ್ಲ. ಎಚ್‌ಆರ್‌ಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ ಅಂದೆ. ಏನು ಬೇಕು ಅನ್ನೋದನ್ನೂ ಬರೆಯಿರಿ. ಎರಡು ಬೇಡಿಕೆ ಬರೆದರು: ಗುಂಪಿನಿಂದ ಅದನ್ನು ತೆಗೆಸಬೇಕು, ಕಳಿಸಿದವರಿಗೆ ಲಿಖಿತ ಎಚ್ಚರಿಕೆ ಕೊಡಬೇಕು. ಮೊದಲನೆಯದು ಆಯಿತು. ಎರಡನೆಯದಕ್ಕೆ ನೋಡ್ತೀವಿ ಅಂದಿದ್ದಾರೆ. ಊಟದ ಕೋಣೆಗೆ ಮತ್ತೆ ಹೋಗಬೇಕಾ ಅಂತ ಕೇಳಿದಾಗ, ಹೋಗಲೇಬೇಕು ಅಂತೇನಿಲ್ಲ, ಆದರೆ ಬಸ್ ಸ್ಟಾಪ್‌ನಲ್ಲಿ ನಿಂತು ತಿನ್ನೋದು ಬೇಡ ಅಂದೆ. ಬ್ಲಡ್ ಬ್ಯಾಂಕಿನ ಒಬ್ಬ ಹಿರಿಯ ಸಿಸ್ಟರ್ ತಾವಾಗಿಯೇ ಬಂದು ಜೊತೆ ಕೂತರಂತೆ. ಈಗ ಇಬ್ಬರೂ ಒಂದೇ ಮೇಜು.

ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ. ನೊಂದುಕೊಳ್ಳುತ್ತಾರೆ ಅಂತ. ಹೊಸ ವಿಡಿಯೋ ಯಾಕೆ ಮಾಡ್ತಿಲ್ಲ ಅಂತ ಅವರೇ ಕೇಳಲು ಶುರು ಮಾಡಿದ್ದರು. ಅವರ ಮುಖ, ಅವರ ಮಾತು, ಅವರಿಂದಲೇ ಮುಚ್ಚಿಡೋದು ಸರಿಯಾ ಅಂತ ಭಾಗ್ಯ ಅವರನ್ನು ಕೇಳಿದೆ. ಊರಿಗೆ ಹೋಗಿ ಹೇಳಿದರು. ಅಜ್ಜಿಗೆ ಸಿಟ್ಟು ಬಂತು, ಬೈದವರ ಮೇಲಲ್ಲ, ಮೊಮ್ಮಗಳ ಮೇಲೆ. ಹಳೇ ಮನೆಯ ಹರಿದ ತಗಡು ಕಾಣುವ ಹಾಗೆ ಯಾಕೆ ತೆಗೆದೆ, ಸರ್ಕಾರದ ದುಡ್ಡಲ್ಲಿ ಕಟ್ಟಿದ ಹೊಸ ಮನೆ ಪಕ್ಕದಲ್ಲೇ ಇರಲಿಲ್ವಾ? ಮತ್ತೆ, ದನ ಹೊತ್ತ ಮಾತು ಫೋನಲ್ಲೇ ಇರುತ್ತದೆ ಅಂದುಕೊಂಡಿದ್ದೆ, ಊರಿಗೆಲ್ಲ ಹಂಚುತ್ತೀಯ ಅಂತ ನನಗೆ ಹೇಳಿದ್ಯಾ? ಭಾಗ್ಯ ಇದನ್ನು ನಗುತ್ತಾ ಹೇಳಿದರು, ಹೇಳುತ್ತಾ ಅತ್ತರು. ಹಿಂದುಳಿದವರ ಧ್ವನಿ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಅಜ್ಜಿಯ ಧ್ವನಿ ಅಜ್ಜಿಯದು, ಅದನ್ನು ಎಲ್ಲಿ ಹಾಕಬೇಕು ಅನ್ನೋದಕ್ಕೆ ಮೊಮ್ಮಗಳೂ ಕೇಳಬೇಕು. ಆ ವಿಡಿಯೋ ಈಗ ಖಾತೆಯಲ್ಲಿಲ್ಲ. ಬೈದವರಿಗೆ ಹೆದರಿ ತೆಗೆದದ್ದಲ್ಲ, ಅಜ್ಜಿ ಬೇಡ ಅಂದಿದ್ದಕ್ಕೆ ತೆಗೆದದ್ದು. ಈ ಎರಡರ ನಡುವೆ ಭಾಗ್ಯ ಅವರಿಗೆ ಬಹಳ ವ್ಯತ್ಯಾಸ ಇತ್ತು.

ಗೀತಾ ವಿಷಯವನ್ನು ಕೊನೆಯವರೆಗೂ ಮುಂದೂಡುತ್ತಾ ಬಂದಿದ್ದರು. ಕೇಳಬೇಕಾ, ಕೇಳದೆ ರೂಮು ಬಿಡಬೇಕಾ, ಏನೂ ಆಗದ ಹಾಗೆ ಇರಬೇಕಾ. ನಾನು ಹೇಳಿದ್ದು: ಜಾತಿ ಅಂದರೆ ಏನು ಅಂತ ಅವಳಿಗೆ ಪಾಠ ಮಾಡುವ ಕೆಲಸ ನಿಮ್ಮದಲ್ಲ. ಅವಳು ಬದಲಾಗಲಿ ಅಂತ ಕೇಳಲು ಹೊರಟರೆ ಬೇಡ, ನಿಮಗೆ ಉತ್ತರ ಬೇಕಿದ್ದರೆ ಕೇಳಿ. ಕೇಳುವ ಮಾತು ಒಂದೇ ಇರಲಿ, ಹಗಲು ಹೊತ್ತಲ್ಲಿ ಇರಲಿ, ಆಮೇಲೆ ಎದ್ದು ಹೋಗಲು ಒಂದು ಜಾಗ ಇರಲಿ. ನಾವಿಬ್ಬರೂ ಅದನ್ನು ಒಂದೆರಡು ಸಲ ಆಡಿ ನೋಡಿದೆವು. ನಾನು ಗೀತಾ ಆಗಿ ಅತ್ತೆ, ಜಗಳ ಆಡಿದೆ, ಮಾತು ತಿರುಗಿಸಿದೆ.

ನಿಜವಾದ ಗೀತಾ ಅಳಲೂ ಇಲ್ಲ, ಜಗಳವೂ ಆಡಲಿಲ್ಲ. "ಅಯ್ಯೋ, ಸುಮ್ನೆ ಸ್ಕ್ರೋಲ್ ಮಾಡ್ತಾ ಕೈ ತಾಗಿರ್ಬೇಕು ಕಣೇ. ನಂಗೆ ನೀನೇನು ಅಂತ ಗೊತ್ತಿಲ್ವಾ? ನಾನು ಜಾತಿ ಗೀತಿ ಎಲ್ಲ ನೋಡಲ್ಲ" ಅಂದಳಂತೆ. ಅಂದು ಅಲ್ಲೇ ಫೋನ್ ತೆಗೆದು ಲೈಕ್ ವಾಪಸ್ ತೆಗೆದಳು. ಕೈ ತಾಗಿರಲೂಬಹುದು. ಆದರೆ ಜಾತಿ ನೋಡೋದಿಲ್ಲ ಅನ್ನುವ ಸೌಕರ್ಯ ಎಲ್ಲರಿಗೂ ಇರೋದಿಲ್ಲ. ಭಾಗ್ಯ ಕೇಳಿದ್ದು, "ನಾನು ನಂಬ್ಬೇಕಾ ಮೇಡಂ?" ನಂಬೋದು ನಂಬದಿರೋದು ಇವತ್ತೇ ತೀರ್ಮಾನ ಆಗಬೇಕಿಲ್ಲ, ಅವಳ ಪಕ್ಕದ ಮಂಚದಲ್ಲಿ ನಿದ್ದೆ ಬರುತ್ತದಾ ನೋಡಿ ಅಂದೆ. ಬರಲಿಲ್ಲ. ಮುಂದಿನ ತಿಂಗಳು ಬ್ಲಡ್ ಬ್ಯಾಂಕಿನ ಸಿಸ್ಟರ್ ಪರಿಚಯದವರ ಮನೆಯ ಮೇಲಿನ ರೂಮಿಗೆ ಹೋದರು. ಗೀತಾ ಸಾಮಾನು ಹೊರಲು ಸಹಾಯ ಮಾಡಿದಳು. ಹುಟ್ಟುಹಬ್ಬಕ್ಕೆ ಮೆಸೇಜ್ ಮಾಡುತ್ತಾಳೆ. ಭಾಗ್ಯ ಥ್ಯಾಂಕ್ಸ್ ಅಂತ ಹಾಕುತ್ತಾರೆ, ಅದಕ್ಕಿಂತ ಮುಂದೆ ಹೋಗಿಲ್ಲ.

ಪೊಲೀಸರು ಒಂದು ಖಾತೆಯ ಹಿಂದೆ ಯಾರಿದ್ದಾರೆ ಅಂತ ಪತ್ತೆ ಮಾಡಿದ್ದಾರೆ. ಐಡಿ ಕಾರ್ಡ್ ಹುಡುಕಿದ ಖಾತೆ. ಭಾಗ್ಯ ಅವರ ತಾಲ್ಲೂಕಿನವನೇ, ಡಿಗ್ರಿ ಓದುವ ಹುಡುಗ. ಅದಾದ ಮೇಲೆ ಅವನ ತಂದೆ, ಜೊತೆಗೆ ಇಬ್ಬರು ಮುಖಂಡರು ದೊಡ್ಡಪ್ಪನ ಮನೆಗೆ ಬಂದು ಕೂತಿದ್ದರು. ಹುಡುಗ ಬುದ್ಧಿ, ಅವನ ಭವಿಷ್ಯ, ಒಂದು ಮಾತು ಆಡಿ ಮುಗಿಸಿಬಿಡೋಣ. ಇದು ಠಾಣೆಯಲ್ಲಿ ಕೂತು ರಾಜಿ ಮಾಡಿ ಮುಗಿಸುವ ಕೇಸಲ್ಲ ಅಂತ ವಕೀಲೆ ತಿಳಿಸಿದ್ದಾರೆ. ಒತ್ತಡ ಹಾಕಿದರೆ, ಬೆದರಿಸಿದರೆ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿ 15ಎ ಕಲಂ ಇದೆ. ಹುಡುಗ ಬಂದು ನೇರವಾಗಿ ಕ್ಷಮೆ ಕೇಳಿದರೆ ಏನು ಮಾಡಲಿ ಅಂತ ಭಾಗ್ಯ ನನ್ನನ್ನು ಕೇಳಿದರು. ಕ್ಷಮಿಸೋದು ಬೇರೆ, ಕೇಸು ಬೇರೆ. ಮೊದಲನೆಯದು ನಿಮ್ಮ ಕೈಲಿದೆ, ಅದಕ್ಕೆ ಗಡುವು ಇಲ್ಲ. ದೊಡ್ಡಪ್ಪನ ಮುಖ ನೋಡಿ, ಮುಖಂಡರ ಮುಖ ನೋಡಿ ಒಪ್ಪಬೇಡಿ. ಅವನನ್ನು ನೋಡಲೇಬೇಕು ಅಂತಿದ್ದರೆ ವಕೀಲೆಯನ್ನು ಕೇಳಿಯೇ ಹೋಗಿ, ಒಬ್ಬರೇ ಹೋಗಬೇಡಿ.

ಸದ್ಯ ಯಾರಿಗೂ ಉತ್ತರ ಕೊಟ್ಟಿಲ್ಲ. ಚಾರ್ಜ್‌ಶೀಟ್ ಇನ್ನೂ ಆಗಬೇಕು.